ವಾಯರು ಚುಚ್ಚಿದರೆ ಹಾಡಾದೀತೇ?



ಈ ಸಲದ ಅಂಚೆಯಲ್ಲಿ ಗೊರೇಬಾಳದಿಂದ ಒಂದು ಕಾಗದ ಬಂದಿದೆ. ನಾಲ್ಕು ಮಗ್ಗುಲು ತುಂಬ ಬರೆದಿದ್ದಾರೆ, ಹೆಸರು ಮಾತ್ರ ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರ ಮಾತನ್ನು ತಿದ್ದಿದರೆ ಅದರ ಬಿಸಿ ಹೋದೀತೆಂದು ಹಾಗೇ ಕೊಡುತ್ತೇನೆ, ಓದಿ:

"ನಮ್ಮ ಹುಡುಗಿ ಏಳು ವರ್ಷದಾಕಿ ಇದ್ದಾಗಿಂದ ಪೇಟಿ ಹಿಡಿದು ಹಾಡ್ಯಾಳ್ರಿ. ಊರಾಗ ಭಜನಿ ಇದ್ರ ಆಕಿನ್ನೇ ಕರೀತಿದ್ರು. ಈಗ ಬೆಂಗಳೂರಾಗ ಕಂಪ್ಯೂಟರ್ ಓದಿ ಕೆಲಸಕ್ಕ ಸೇರ್ಯಾಳ. ಹೋದ ತಿಂಗಳ ಫೋನಿನ್ಯಾಗ ಒಂದು ವಿಡಿಯೋ ಕಳಿಸಿದ್ಲು. ಒಂದು ಕಟ್ಟಿಗಿ ಪೆಟಗಿ, ಅದರ ತುಂಬ ತೂತು, ತೂತಿಗೆಲ್ಲ ಬಣ್ಣಬಣ್ಣದ ವಾಯರು. ಒಂದರಾಗಿಂದ ತಗೀತಾಳ, ಇನ್ನೊಂದಕ್ಕ ಚುಚ್ಚತಾಳ. ಗುಂಯ್ ಅಂತೈತಿ, ಟಕಟಕ ಅಂತೈತಿ. ಮುಂದ ಮಂದಿ ಸುಮ್ಮಕ ಕುಂತು ಕೇಳ್ತಾರ. ಇದು ಹಾಡೇನ್ರಿ? ಯಂತ್ರಕ್ಕ ಭಾವ ಐತೇನ್ರಿ? ಅದು ಗೆಳತೀದಂತ. ತನಗ ಸ್ವಂತದ್ದು ಬೇಕು, ಪಗಾರ ಓದಿನ ಸಾಲಕ್ಕ ಹೋಗತೈತಿ, ನಿನ್ನ ಎರಡು ಬಳಿ ಒತ್ತಿ ಇಡವ್ವ, ವರ್ಷದಾಗ ಬಿಡಿಸಿಕೊಡ್ತೀನಿ ಅಂತಾಳ. ಪರದೇಶದ ಹುಚ್ಚು ಅಂತ ಅವರಪ್ಪ ಮಾತು ಬಿಟ್ಟಾರ. ಬಳಿ ಕೊಡ್ಲೋ ಬ್ಯಾಡೋ ಹೇಳ್ರಿ."

ಹಟ್ಟಿಯ ಚಿನ್ನದ ಗಣಿ ಲಿಂಗಸುಗೂರು ತಾಲ್ಲೂಕಿನಲ್ಲೇ ಇದ್ದರೂ ಆ ಸೀಮೆಯ ಹೆಣ್ಣುಮಕ್ಕಳಿಗೆ ಬಂಗಾರವೇನೂ ಅಗ್ಗಕ್ಕೆ ಸಿಗುವುದಿಲ್ಲ. ಎರಡು ಬಳೆ ಎಂದರೆ ಎಷ್ಟು ಸುಗ್ಗಿಯ ಉಳಿತಾಯ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಆದ್ದರಿಂದ ಸುಮ್ಮನೆ ಹೌದು ಅಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ಮೊದಲು ಆ ಪೆಟ್ಟಿಗೆ ಏನೆಂದು ತಿಳಿದುಕೊಳ್ಳೋಣ. ಬಳೆಯ ಮಾತು ಆಮೇಲೆ.

ಅದರ ಹೆಸರು ಮಾಡ್ಯುಲರ್ ಸಿಂಥಸೈಸರ್. ಹೆಸರಿಗೆ ಹೆದರಬೇಡಿ. ಸಿಂಥಸೈಸರ್ ಎಂದರೆ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಯಂತ್ರ. ಆರ್ಕೆಸ್ಟ್ರಾದವರು, ಈಗೀಗ ಭಜನೆಯವರೂ ಮುಂದಿಟ್ಟುಕೊಳ್ಳುವ ಕೀಬೋರ್ಡ್ ಇದೆಯಲ್ಲ, ಅದೂ ಆ ಜಾತಿಯದೇ. ಆದರೆ ಕೀಬೋರ್ಡ್ ಎಂಬುದು ಅಂಗಡಿಯಿಂದ ತಂದ ಸಾಂಬಾರು ಪುಡಿಯ ಪೊಟ್ಟಣ. ಒಳಗೆ ಏನೇನು ಎಷ್ಟೆಷ್ಟು ಬಿದ್ದಿದೆಯೋ ಅಷ್ಟೇ, ನಮ್ಮ ಕೈ ನಡೆಯುವುದಿಲ್ಲ. ಮಾಡ್ಯುಲರ್ ಎಂಬುದು ಮಸಾಲೆ ಡಬ್ಬಿ. ಕೊತ್ತಂಬರಿ ಬೇರೆ, ಜೀರಿಗೆ ಬೇರೆ, ಮೆಣಸು ಬೇರೆ. ಯಾವುದನ್ನು ಯಾವುದಕ್ಕೆ ಎಷ್ಟು ಸೇರಿಸಬೇಕೆಂಬುದು ಅಡಿಗೆ ಮಾಡುವವಳ ಕೈಯಲ್ಲಿದೆ.

ಆ ಡಬ್ಬಿಯ ಒಂದು ಬಟ್ಟಲು ಬರೀ ನಾದವನ್ನು ಹುಟ್ಟಿಸುತ್ತದೆ. ಆಸಿಲೇಟರ್ ಎನ್ನುತ್ತಾರೆ. ಅದರ ಸ್ವರ ತಾನಾಗಿ ನಿಲ್ಲುವುದೇ ಇಲ್ಲ, ತಂಬೂರಿಯ ಷಡ್ಜದ ಹಾಗೆ ಗುಂಯ್ ಅನ್ನುತ್ತಲೇ ಇರುತ್ತದೆ. ಇನ್ನೊಂದು ಫಿಲ್ಟರ್. ಹಿಟ್ಟು ಜರಡಿ ಹಿಡಿದ ಹಾಗೆ ನಾದದಲ್ಲಿನ ಚೂಪನ್ನು ತಡೆದು ಮೆತ್ತಗಿನದನ್ನು ಕೆಳಗೆ ಬಿಡುತ್ತದೆ. ಮತ್ತೊಂದು ಬಟ್ಟಲಿದೆ, ಅದು ನಾದ ಬರುವ ರೀತಿ, ಹೋಗುವ ರೀತಿಯನ್ನು ಗೊತ್ತುಮಾಡುವಂಥದು. ಒಗ್ಗರಣೆಗೆ ಹಾಕಿದ ಸಾಸಿವೆ ಚಟ್ ಎಂದು ಸಿಡಿದು ಮುಗಿಯುತ್ತದೆ. ಒಲೆಯ ಮೇಲಿನ ಹಾಲು ನಿಧಾನಕ್ಕೆ ಏರಿ, ಉರಿ ತಗ್ಗಿಸಿದ ಮೇಲೆ ನಿಧಾನಕ್ಕೆ ಇಳಿಯುತ್ತದೆ. ಒಂದೇ ನಾದವನ್ನು ಸಾಸಿವೆಯಾಗಿ ಸಿಡಿಸಬಹುದು, ಹಾಲಾಗಿ ಉಕ್ಕಿಸಬಹುದು.

ಸರಿ, ವಾಯರು ಯಾಕೆ? ಇಲ್ಲಿ ಗೊರೇಬಾಳದ ತಾಯಿಗೆ ನನಗಿಂತ ಚೆನ್ನಾಗಿ ತಿಳಿಯುವ ಹೋಲಿಕೆಯೊಂದಿದೆ. ಸಿಂಧನೂರು ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಖ್ಯ ಕಾಲುವೆಯಿಂದ ಉಪಕಾಲುವೆಗೆ, ಅಲ್ಲಿಂದ ತೂಬಿಗೆ, ತೂಬಿನಿಂದ ಹೊಲಗಾಲುವೆಗೆ ಇಳಿದು ಮಡಿಗೆ ಬರುತ್ತದೆ. ಎಲ್ಲಿ ಕಟ್ಟೆ ಒಡೆದರೆ ಎಲ್ಲಿಗೆ ನೀರು ಎಂಬುದು ಮಕ್ಕಳಿಗೂ ಗೊತ್ತು. ಈ ಪೆಟ್ಟಿಗೆಯಲ್ಲಿ ವಾಯರೇ ಕಾಲುವೆ, ವಿದ್ಯುತ್ತೇ ನೀರು. ವಾಯರು ಚುಚ್ಚದಿದ್ದರೆ ಬಟ್ಟಲುಗಳು ತಮ್ಮ ಪಾಡಿಗೆ ತಾವು, ಹೊರಗೆ ಒಂದು ಚೂರೂ ಸದ್ದಿಲ್ಲ.

ಇಷ್ಟೇ ಆಗಿದ್ದರೆ ಅದರಲ್ಲಿ ಸ್ವಾರಸ್ಯವಿರಲಿಲ್ಲ. ಕಾಲುವೆಯ ನೀರು ಹರಿಯುತ್ತ ಹರಿಯುತ್ತ ತಾನೇ ಹೋಗಿ ಇನ್ನೊಂದು ತೂಬಿನ ಬಾಗಿಲನ್ನು ಎತ್ತಿದರೆ ಹೇಗಿರುತ್ತದೆ, ಯೋಚಿಸಿ! ಈ ಪೆಟ್ಟಿಗೆಯಲ್ಲಿ ಹಾಗೆಯೇ ಆಗುತ್ತದೆ. ಒಂದು ಬಟ್ಟಲಿನಿಂದ ಹೊರಟ ವಿದ್ಯುತ್ತು ನಾದವಾಗಿಯೂ ಹೋಗಬಹುದು, ಇಲ್ಲವೇ ಕಾಣದ ಕೈಯಾಗಿ ಮತ್ತೊಂದು ಬಟ್ಟಲಿನ ತಿರುಪನ್ನು ತಿರುವಲೂಬಹುದು. ಮೆಲ್ಲಗಿನ ಒಂದು ಅಲೆಯನ್ನು ಫಿಲ್ಟರಿಗೆ ಕಟ್ಟಿದರೆ ನಾದ ಉಸಿರಾಡಿದ ಹಾಗೆ ಹಿಗ್ಗಿ ಕುಗ್ಗುತ್ತದೆ. ನಮ್ಮ ಮಗಳು ಚುಚ್ಚುವ ಒಂದೊಂದು ವಾಯರೂ ಹೀಗೆ ಒಂದು ಲೆಕ್ಕಾಚಾರ.

ಪೇಟಿ ನುಡಿಸಿದ ಹುಡುಗಿಗೆ ಇದರ ರುಚಿ ಯಾಕೆ ಹತ್ತಿತು ಎಂಬುದಕ್ಕೂ ಕಾರಣ ಹೇಳಬಹುದು. ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ವೋಲ್ಟ್ ಏರಿಸಿದರೆ ಒಂದು ಸಪ್ತಕ ಏರುತ್ತದೆ. ಕೆಳಗಿನ ಸ ದಿಂದ ಮೇಲಿನ ಸ ಕ್ಕೆ. ಆ ಒಂದು ವೋಲ್ಟಿನೊಳಗೆ ಎಲ್ಲಿ ಬೇಕಾದರೂ ನಿಲ್ಲಬಹುದು, ಜಾರಬಹುದು. ಪೇಟಿಯಲ್ಲಿ ಅದು ಸಾಧ್ಯವೇ? ಒಂದು ಮನೆ ಬಿಟ್ಟರೆ ಇನ್ನೊಂದು ಮನೆ, ನಡುವಿನ ಮೀಂಡು ಎಳೆಯಲಾಗದು. ಈ ಕೊರತೆಯನ್ನೇ ದೊಡ್ಡದು ಮಾಡಿ 1940ರಲ್ಲಿ ಆಕಾಶವಾಣಿಯವರು ಹಾರ್ಮೋನಿಯಂ ಅನ್ನು ಬಹಿಷ್ಕರಿಸಿದ್ದರು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಅದೂ ಪರದೇಶದಿಂದ ಬಂದ ಪೆಟ್ಟಿಗೆ ಎಂದೇ ಆಗ ಬೈಸಿಕೊಂಡಿತ್ತು! ಇವತ್ತು ಅದಿಲ್ಲದೆ ನಮ್ಮ ಕಡೆ ಭಜನೆಯುಂಟೇ, ಬಯಲಾಟವುಂಟೇ? ಗೊರೇಬಾಳದ ಯಜಮಾನರು ಮಗಳ ಪೇಟಿ ಕೇಳಿ ಹೆಮ್ಮೆಪಟ್ಟವರು. ಈ ಮಾತನ್ನು ಅವರ ಕಿವಿಗೆ ಹಾಕಿ ನೋಡಿ.

ಜಾರುವ ಸ್ವರ ಬೇಕೆಂದರೆ ನಮ್ಮಲ್ಲೇ ಚೌಡಿಕೆ ಇಲ್ಲವೇ? ಎಲ್ಲಮ್ಮನ ಹಾಡಿನವರು ಮೀಟುತ್ತಲೇ ತಂತಿಯನ್ನು ಬಿಗಿ ಮಾಡುತ್ತಾರೆ, ಸಡಿಲ ಬಿಡುತ್ತಾರೆ. ಡುಂವ್ ಎಂದು ಸ್ವರ ಏರಿ ಇಳಿಯುತ್ತದೆ. ಅಲ್ಲಿ ತಂತಿಯ ಬಿಗಿ, ಇಲ್ಲಿ ವೋಲ್ಟಿನ ಬಿಗಿ.

ಇನ್ನು, ಮಂದಿಯ ಎದುರಿಗೆ ಕೂತು ನುಡಿಸುವ ವಿಚಾರ. ಯಂತ್ರವೇ ಎಲ್ಲ ಮಾಡುವಾಗ ಹುಡುಗಿಯದೇನು ಹೆಚ್ಚುಗಾರಿಕೆ ಎಂದು ನಿಮಗೆ ಅನ್ನಿಸೀತು. ನಿಜ ಸಂಗತಿ ತಿರುಗುಮುರುಗು. ಮನೆಯಲ್ಲಿ ಕೂತು ಮಾಡುವಾಗ ಕೆಟ್ಟರೆ ಅಳಿಸಿ ಮತ್ತೆ ಮಾಡಬಹುದು. ವೇದಿಕೆಯ ಮೇಲೆ ಆ ಸೌಕರ್ಯವಿಲ್ಲ. ಕೆಲವರು ಒಂದು ವಾಯರೂ ಇಲ್ಲದ ಪೆಟ್ಟಿಗೆಯಿಂದ ಶುರುಮಾಡಿ, ಜನರ ಕಣ್ಣೆದುರಿಗೇ ಒಂದೊಂದಾಗಿ ಕಟ್ಟುತ್ತ ಹೋಗುತ್ತಾರೆ. ಹಳೆಯ ಮಾದರಿಯ ಆಸಿಲೇಟರುಗಳಿಗೆ ಬಿಸಿ ತಾಗಿದರೆ ಶ್ರುತಿ ಸರಿಯುವ ಚಾಳಿಯೂ ಉಂಟು, ದೀಪದ ಕಾವಿಗೆ ನಡುವೆಯೇ ಸ್ವರ ತಪ್ಪಬಹುದು. ಹಲಗೆಯವರು ನುಡಿಸುವ ಮುಂಚೆ ಹುಲ್ಲು ಉರಿಸಿ ಚರ್ಮ ಕಾಯಿಸಿಕೊಳ್ಳುವುದನ್ನು ಜಾತ್ರೆಯಲ್ಲಿ ಕಂಡಿದ್ದೀರಲ್ಲ, ಕಾವಿಗೂ ಶ್ರುತಿಗೂ ನಂಟು ಅಲ್ಲೂ ಇದೆ, ಇಲ್ಲೂ ಇದೆ. ತಪ್ಪಿದ ಸ್ವರವನ್ನು ಯಾರೂ ಹೇಳಿಕೊಡುವುದಿಲ್ಲ. ಕಿವಿಯೇ ಹಿಡಿಯಬೇಕು, ಬೆರಳೇ ತಿದ್ದಬೇಕು. ಒಂದು ವಾಯರು ತಪ್ಪಿ ಬಿದ್ದರೆ ಅನಿರೀಕ್ಷಿತವಾದ ನಾದವೊಂದು ಎದ್ದುಬಿಡುತ್ತದೆ. ಅದನ್ನು ನುಂಗಬೇಕೋ, ಅದನ್ನೇ ಹಿಡಿದು ಮುಂದೆ ಹೋಗಬೇಕೋ ಎಂದು ಆ ಕ್ಷಣದಲ್ಲೇ ತೀರ್ಮಾನಿಸಬೇಕು. ಮುಗಿದ ಮೇಲೆ ವಾಯರೆಲ್ಲ ಕಿತ್ತು ಚೀಲಕ್ಕೆ ಹಾಕುತ್ತಾರೆ. ಮತ್ತೆ ಅದೇ ನಾದ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಬರುವುದು ಬಲು ಕಷ್ಟ. ಬೆಳಗಿನ ರಂಗೋಲಿ ಸಂಜೆಗೆ ಉಳಿಯುವುದಿಲ್ಲ, ಹಾಗೆಂದು ನಾವು ಹಾಕುವುದನ್ನು ಬಿಟ್ಟಿದ್ದೇವೆಯೇ?

ಮನೆಯವರು ಇದನ್ನು ಪರದೇಶದ ಹುಚ್ಚು ಎನ್ನುತ್ತಾರಂತೆ. ಹುಟ್ಟಿದ್ದು ಅಮೆರಿಕದಲ್ಲಿ ಹೌದು, 1960ರ ದಶಕದಲ್ಲಿ. ಪೂರ್ವ ದಿಕ್ಕಿನಲ್ಲಿ ರಾಬರ್ಟ್ ಮೂಗ್ ಎಂಬವರು, ಪಶ್ಚಿಮ ದಿಕ್ಕಿನಲ್ಲಿ ಡಾನ್ ಬುಕ್ಲಾ ಎಂಬವರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕಟ್ಟಿದರು. ಆದರೆ ಅದು ಭಾರತಕ್ಕೆ ಬಂದದ್ದು ನಿನ್ನೆ ಮೊನ್ನೆಯಲ್ಲ, 1969ರಲ್ಲಿ! ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್ ಎಂಬ ಸಂಸ್ಥೆಯಲ್ಲಿ ಡೇವಿಡ್ ಟ್ಯೂಡರ್ ಎಂಬ ಅಮೆರಿಕದ ಪಿಯಾನೋ ವಾದಕರು ಬಂದು ಮೂಗ್ ಯಂತ್ರವನ್ನು ಜೋಡಿಸಿಕೊಟ್ಟರು.

ಆ ಕಥೆಯ ಬೇರಿನಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಗೀತಾ ಸಾರಾಭಾಯಿ. ಹೆಂಗಸರು ಮುಟ್ಟುವುದೇ ಅಪರೂಪವಾಗಿದ್ದ ಪಖವಾಜವನ್ನು ಕಲಿತು ನುಡಿಸಿದಾಕೆ. 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್ ಎಂಬ ಸಂಗೀತಗಾರರ ಬಳಿ ಪಶ್ಚಿಮದ ಸಂಗೀತ ಕಲಿಯಬೇಕೆಂದಾಗ, ಹಣ ಬೇಡ, ನೀವು ನನಗೆ ಭಾರತದ ಸಂಗೀತ ಹೇಳಿಕೊಡಿ ಎಂದರಂತೆ ಅವರು. ಹೀಗೆ ವಿದ್ಯೆಗೆ ವಿದ್ಯೆಯೇ ದಕ್ಷಿಣೆಯಾಯಿತು. ಅದೇ ಕೇಜರ ಗೆಳೆಯರೇ ಈ ಟ್ಯೂಡರ್. ಅಹಮದಾಬಾದಿನ ಆ ಸ್ಟುಡಿಯೋದಲ್ಲಿ ಗೀತಾಬೆನ್ ತಾವೂ ನಾದಗಳನ್ನು ಕಟ್ಟಿದರು, ಐ.ಎಸ್. ಮಾಥುರ್, ಎಸ್.ಸಿ. ಶರ್ಮ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮೊದಲಾದವರೂ ಕಟ್ಟಿದರು. ಮಾಥುರರ ಒಂದು ರಚನೆಯ ಹೆಸರು 'ವನ್ಸ್ ಐ ಪ್ಲೇಯ್ಡ್ ಎ ತಾನ್‌ಪುರ'. ಒಂದಾನೊಂದು ಕಾಲಕ್ಕೆ ತಂಬೂರಿ ನುಡಿಸಿದ್ದೆ, ಎಂದು ಅರ್ಥ. ಹೆಸರು ಓದಿದರೇ ಎದೆಯಲ್ಲಿ ಏನೋ ಆಗುತ್ತದೆ, ಅಲ್ಲವೇ?

ಆಮೇಲೆ? ಆಮೇಲೇನು, ಕೆಲವೇ ವರ್ಷಗಳಲ್ಲಿ ಆ ಕೆಲಸ ನಿಂತುಹೋಯಿತು. ಟೇಪುಗಳು ಸಂಸ್ಥೆಯ ಕಪಾಟಿನಲ್ಲಿ ದಶಕಗಟ್ಟಲೆ ಮಲಗಿದ್ದವು. ಪಾಲ್ ಪರ್ಗಾಸ್ ಎಂಬ ಬ್ರಿಟನ್ನಿನ ಕಲಾವಿದರು ಅವನ್ನು ಹುಡುಕಿ ಕೆದಕಿ, 2020ರಲ್ಲಿ ಬಿಬಿಸಿ ರೇಡಿಯೋದಲ್ಲಿ ಕಾರ್ಯಕ್ರಮ ಮಾಡಿದರು. 1969ರಿಂದ 1972ರವರೆಗಿನ ಆ ನಾದಗಳು 'ದಿ ಎನ್‌ಐಡಿ ಟೇಪ್ಸ್' ಎಂಬ ಹೆಸರಿನಲ್ಲಿ ಆಲ್ಬಮ್ಮಾಗಿ 2023ರಲ್ಲಿ ಹೊರಬಂದವು. ಗೀತಾಬೆನ್ 2011ರಲ್ಲೇ ತೀರಿಕೊಂಡಿದ್ದರು. ನನಗೆ ಸಂಕಟವಾಗುವುದು ಟೇಪಿಗೆ ಧೂಳು ಹಿಡಿಯಿತೆಂದಲ್ಲ. ಅಷ್ಟು ಬೇಗ ಬಂದ ವಾದ್ಯ ಆ ಕೋಣೆ ಬಿಟ್ಟು ನಮ್ಮ ಸಂಗೀತದ ಮನೆಗಳಿಗೆ ಬರಲಿಲ್ಲವಲ್ಲ ಎಂದು. ಬಂದಿದ್ದರೆ ಗೊರೇಬಾಳದ ಹುಡುಗಿ ಇವತ್ತು ಅಪ್ಪನಿಗೆ ಇಷ್ಟೊಂದು ವಿವರಣೆ ಕೊಡಬೇಕಾಗುತ್ತಿರಲಿಲ್ಲ.

ಬೆಂಗಳೂರಿನದೇ ಇನ್ನೊಂದು ಉದಾಹರಣೆ ನೋಡಿ. ಕೊಳಲು ನುಡಿಸುವ ಎಂಜಿನಿಯರ್ ಜಿ. ರಾಜ್‌ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ತಂದರು. ಈಗ ಯಾವ ಸಂಗೀತ ಪಾಠಕ್ಕೆ ಹೋದರೂ ಅಂಥದೊಂದು ಪೆಟ್ಟಿಗೆ, ಇಲ್ಲವೇ ಫೋನಿನಲ್ಲಿ ಅದರ ಮೊಮ್ಮಗಳು, ಗುಂಯ್ ಅನ್ನುತ್ತಿರುತ್ತದೆ. ಅದನ್ನು ಯಾರೂ ಹುಚ್ಚು ಎನ್ನುವುದಿಲ್ಲ. ಹೊಸ ವಾದ್ಯ ಕಟ್ಟುವ ಹವ್ಯಾಸಿಗಳ ಬಳಗವೂ ಬೆಂಗಳೂರಿನಲ್ಲಿ ಹುಟ್ಟಿಕೊಂಡಿತು. ಅದರ ಹೆಸರು ಇಂಡಿಯನ್ ಸೋನಿಕ್ ರಿಸರ್ಚ್ ಆರ್ಗನೈಸೇಷನ್, ಮೊದಲ ಅಕ್ಷರ ಕೂಡಿಸಿದರೆ ಇಸ್ರೋ! ಹುಡುಗರ ಚೇಷ್ಟೆಗೆ ನಗಬೇಕಷ್ಟೆ.

ಈಗ ಆ ತಾಯಿಯ ಮುಖ್ಯ ಪ್ರಶ್ನೆ. ಯಂತ್ರಕ್ಕೆ ಭಾವ ಐತೇನು?

ಯಂತ್ರಕ್ಕಿಲ್ಲ. ಪೇಟಿಗೂ ಇಲ್ಲ, ವೀಣೆಗೂ ಇಲ್ಲ. ಫ್ರಾನ್ಸಿನಲ್ಲಿ ಏಲಿಯಾನ್ ರಾದಿಗ್ ಎಂಬಾಕೆ ಮೂರು ಮಕ್ಕಳನ್ನು ಹೆತ್ತು ಸಾಕುತ್ತಲೇ ನಾದದ ಕೆಲಸ ಹಿಡಿದವಳು. 1970ರ ದಶಕದಲ್ಲಿ ಇಂಥದೇ ಬಿಡಿಬಟ್ಟಲುಗಳ ಯಂತ್ರವೊಂದನ್ನು ಕೊಂಡಳು, ಅದರ ಜೊತೆಗೆ ಬಂದ ಕೀಲಿಮಣೆಯನ್ನು ಮಾತ್ರ ಬೇಡವೆಂದು ಬಿಟ್ಟು ಬಂದಳು! ಆಕೆಯ ನಾದ ಎಷ್ಟು ನಿಧಾನವೆಂದರೆ, ಬದಲಾದದ್ದು ಯಾವಾಗ ಎಂದೇ ತಿಳಿಯದು. ಹೆಪ್ಪು ಹಾಕಿದ ಹಾಲು ಮೊಸರಾದದ್ದು ಇಂಥ ಗಳಿಗೆಯಲ್ಲೇ ಎಂದು ಯಾರಾದರೂ ಹೇಳಬಲ್ಲರೇ, ಹಾಗೆ. 1989ರಲ್ಲಿ ಆಕೆಯ ಮಗ ಅಪಘಾತದಲ್ಲಿ ಹೋಗಿಬಿಟ್ಟ. 1991ರಲ್ಲಿ ಅದೇ ಯಂತ್ರದಿಂದ ಆಕೆ ಮುಗಿಸಿದ ಕೃತಿಯ ಹೆಸರು 'ಕೈಲಾಶ'. ನಮ್ಮ ಕೈಲಾಸ ಪರ್ವತವೇ! ಅದರ ಸುತ್ತ ಪ್ರದಕ್ಷಿಣೆ ಹಾಕುವ ಕಲ್ಪನೆಯಲ್ಲಿ ಕಟ್ಟಿದ್ದು. ಟೇಪಿನ ಮೇಲೆ ಕಟ್ಟಿದ್ದು, ವೇದಿಕೆಯ ಮೇಲಲ್ಲ. ಇರಲಿ. ಮಗನನ್ನು ಕಳೆದುಕೊಂಡ ತಾಯಿಗೆ ಆ ತಿರುಪು ವಾಯರುಗಳೇ ಸಾಕಾದವು ಎಂದಮೇಲೆ ಭಾವದ ಬಗ್ಗೆ ನಾನು ಬೇರೆ ವಾದ ಹೂಡುವುದಿಲ್ಲ.

ಅಮೆರಿಕದ ಸುಜಾನ್ ಚಿಯಾನಿಯವರು ಪಿಯಾನೋ ಓದಿದವರು. ಬುಕ್ಲಾ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಕೆಲಸಕ್ಕೆ ಸೇರಿ ಯಂತ್ರದ ಒಳಹೊರಗು ಕಲಿತರು. ಹೊಟ್ಟೆಪಾಡಿಗೆ ಅದೇ ಯಂತ್ರದಿಂದ ಕೋಕಾ ಕೋಲಾ ಜಾಹೀರಾತಿಗೆ ಬಾಟಲಿಯ ಮುಚ್ಚಳ ತೆರೆಯುವ ಸದ್ದು ಮಾಡಿಕೊಟ್ಟರು, ನಾಲ್ಕು ದಿಕ್ಕಿಗೂ ಸ್ಪೀಕರ್ ಇಟ್ಟು ಸಭೆಗಳಲ್ಲೂ ನುಡಿಸಿದರು, ಎಪ್ಪತ್ತರ ಹರೆಯ ತಲಪಿಯೂ ನುಡಿಸಿದರು. ಆದರೆ ನಮ್ಮ ಹುಡುಗಿಗೆ ಇನ್ನೂ ಹತ್ತಿರದ ಮಾದರಿ ಅರುಷಿ ಜೈನ್. ಭಾರತದಲ್ಲಿ ಹಿಂದೂಸ್ತಾನಿ ಕಲಿತು, ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿದಾಕೆ. ರಾಗವನ್ನೂ ತನ್ನ ಕಂಠವನ್ನೂ ಮಾಡ್ಯುಲರ್ ಯಂತ್ರದ ಜೊತೆ ಹೆಣೆದು ನುಡಿಸುತ್ತಾಳೆ. 2021ರಲ್ಲಿ ಬಂದ ಅವಳ 'ಅಂಡರ್ ದ ಲೈಲಾಕ್ ಸ್ಕೈ' ಸೂರ್ಯ ಮುಳುಗುವ ಹೊತ್ತಿಗೆ ಕೇಳಲೆಂದೇ ಮಾಡಿದ್ದು. ರಾಗಕ್ಕೊಂದು ಹೊತ್ತು ಎಂಬ ನಮ್ಮ ಹಳೆಯ ಪದ್ಧತಿಯೇ ಅಲ್ಲವೇ ಇದು?

ಹಾಗೆಂದು ವಾಯರು ಚುಚ್ಚಿದವರೆಲ್ಲ ಸಂಗೀತಗಾರರು ಎಂದು ನಾನು ಹೇಳಲಾರೆ. ಈ ಪ್ರಯೋಗದ ಕಛೇರಿಗಳಲ್ಲಿ ಬೇಸರದ್ದೂ ಬೇಕಾದಷ್ಟಿದೆ. ಕೆಲವರು ಕಿವಿ ಬಳಸದೆ ಬರೀ ಬೆರಳು ಬಳಸುತ್ತಾರೆ. ಸದ್ದು ಜೋರಾದರೆ ಆಳವಾಯಿತೆಂದು ತಿಳಿಯುತ್ತಾರೆ. ಇನ್ನು ಕೆಲವರಿಗೆ ನುಡಿಸುವುದಕ್ಕಿಂತ ಕೊಳ್ಳುವ ಚಟವೇ ಹೆಚ್ಚು, ತಿಂಗಳಿಗೊಂದು ಹೊಸ ಬಟ್ಟಲು ಬೇಕು. ಸೀರೆಯ ಅಂಗಡಿಗೆ ಹೋದ ನಮ್ಮ ಅವಸ್ಥೆಯೇ ಅನ್ನಿ!

ಆದ್ದರಿಂದ ಗೊರೇಬಾಳದ ಸೋದರಿಯೇ, ನಿಮ್ಮ ಬಳೆ ಈಗ ಕೈಯಲ್ಲೇ ಇರಲಿ. ಇದು ಬಿರುಸಿನ ಮಾತಲ್ಲ, ಲೆಕ್ಕದ ಮಾತು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಯುರೋರ್‍ಯಾಕ್ ಎಂಬ ಅಳತೆಯ ಬಟ್ಟಲುಗಳು ಜರ್ಮನಿಯ ಡೀಟರ್ ಡೋಪ್‌ಫರ್ 1990ರ ದಶಕದ ನಡುವಿನಲ್ಲಿ ತಂದ ಮಾದರಿಯವು. ಒಂದೊಂದಕ್ಕೂ 10ರಿಂದ 30 ಸಾವಿರ ರೂಪಾಯಿ ಸುಲಭವಾಗಿ ಬೀಳುತ್ತದೆ, ಹೊರದೇಶದಿಂದ ತರಿಸಿದರೆ ಸುಂಕ ಬೇರೆ. ಒಂದೇ ಬಟ್ಟಲಿನಿಂದ ಸಾರಾಗುವುದಿಲ್ಲ, ಏಳೆಂಟಾದರೂ ಬೇಕು. ಎರಡು ಬಳೆಯಿಂದ ಶುರುವಾದದ್ದು ಎರಡು ಬಳೆಗೇ ನಿಲ್ಲುತ್ತದೆ ಎಂಬ ಭರವಸೆ ನನಗಿಲ್ಲ.

ಆದರೆ ಇಲ್ಲವೆಂದು ಬಾಗಿಲು ಹಾಕಲೂ ಬೇಡಿ. 2017ರಿಂದ ವಿಸಿವಿ ರ್‍ಯಾಕ್ ಎಂಬ ಕಂಪ್ಯೂಟರ್ ತಂತ್ರಾಂಶವಿದೆ, ಅದರ ಸಾಮಾನ್ಯ ಆವೃತ್ತಿಗೆ ಕಾಸಿಲ್ಲ. ಪರದೆಯ ಮೇಲೆ ಅದೇ ಬಟ್ಟಲು, ಅದೇ ತೂತು, ಅದೇ ವಾಯರು. ಕಂಪ್ಯೂಟರ್ ಓದಿದ ಹುಡುಗಿಗೆ ಇದು ತಿಳಿಯದ್ದೇನಲ್ಲ. ಆರು ತಿಂಗಳು ಅದರಲ್ಲಿ ಸಾಧನೆ ಮಾಡಲಿ, ವೇದಿಕೆಗೆ ಗೆಳತಿಯ ಪೆಟ್ಟಿಗೆ ಇದ್ದೇ ಇದೆ. ಕೈಗೆ ಸಿಗುವ ನಿಜವಾದ ತಿರುಪಿನ ಸುಖ ಪರದೆಯಲ್ಲಿಲ್ಲ ಎಂದು ಅವಳು ವಾದಿಸಬಹುದು. ಆ ಮಾತು ನಿಜವೇ. ಆದರೂ ಆರು ತಿಂಗಳ ಮೇಲೆ ಅವಳೇ ಕೂತು, ಯಾವ ನಾಲ್ಕು ಬಟ್ಟಲು ಬೇಕೇಬೇಕು, ಯಾಕೆ ಬೇಕು ಎಂದು ಬರೆದುಕೊಡಲಿ. ಓದಿನ ಸಾಲದ ಕಂತು ಒಂದೂ ತಪ್ಪದೆ ಕಟ್ಟಿರಲಿ. ಆಗ ಒಂದು ಬಳೆಯ ಮಾತು ತೆಗೆಯಬಹುದು, ಎರಡಲ್ಲ.

ನಿಮ್ಮ ಕಾಗದದ ಕೊನೆಯಲ್ಲಿ ಇನ್ನೊಂದು ಸಾಲು ಬರೆದಿದ್ದೀರಿ, ಅವಳೀಗ ಊರಿಗೆ ಬಂದರೆ ಪೇಟಿ ಮುಟ್ಟುವುದಿಲ್ಲ, ಹಾಡೆಂದರೆ ಎದ್ದು ಹೋಗುತ್ತಾಳೆ ಎಂದು. ಬಳೆಗಿಂತ ನನಗೆ ಚುಚ್ಚಿದ್ದು ಅದು. ಅವಳು ಹಾಡು ಬಿಟ್ಟಿದ್ದಾಳೋ, ಅಥವಾ ಪಡಸಾಲೆಯಲ್ಲಿ ಅಪ್ಪನ ಮೌನದ ಎದುರು ಹಾಡಲಾರಳೋ? ಎರಡೂ ಬೇರೆ ಬೇರೆ. ಮುಂದಿನ ಸಲ ಬಂದಾಗ ಪೇಟಿಯ ಸುದ್ದಿ ಎತ್ತಬೇಡಿ. ನಿನ್ನ ಆ ಪೆಟ್ಟಿಗೆಯ ನಾದ ಒಂದಿಷ್ಟು ಕೇಳಿಸವ್ವ ಎನ್ನಿ. ಫೋನಿನ ಪುಟ್ಟ ಬಾಯಿಯಲ್ಲಿ ಕೆಳಗಿನ ಸ್ವರಗಳು ಕೇಳುವುದೇ ಇಲ್ಲ, ಕಿವಿಗೆ ಹಾಕುವ ಇಯರ್‌ಫೋನ್ ಬೇಕು. ಯಾವ ರಾಗ ಎಂದು ಕೇಳಬೇಡಿ. ಈ ಸದ್ದು ಎಲ್ಲಿಂದ ಬಂತು, ಈ ಕೆಂಪು ವಾಯರು ಕಿತ್ತರೆ ಏನಾಗುತ್ತದೆ ಎಂದು ಕೇಳಿ. ಇದರ ಮೇಲೆ ನಿನ್ನ ದನಿ ಹತ್ತೀತೇ ಎಂದು ಕೇಳಿ. ಕೊನೆಯ ಪ್ರಶ್ನೆಯನ್ನು ಮಾತ್ರ ಅವರಪ್ಪ ಪಕ್ಕದ ಕೋಣೆಯಲ್ಲಿ ಇದ್ದಾಗ, ಸ್ವಲ್ಪ ಗಟ್ಟಿಯಾಗಿ ಕೇಳಿ.

ಈ ಕಾಗದಕ್ಕೇ ಜಾಗವೆಲ್ಲ ಹೋಯಿತು. ಮಸ್ಕಿಯ ಸೋದರಿಯೊಬ್ಬರು ಬರೆದಿರುವ ಕೆಂಪು ಮೆಣಸಿನಕಾಯಿ ಚಟ್ನಿಗೆ ಬೂಷ್ಟು ಹಿಡಿಯುವ ವಿಚಾರ ಮುಂದಿನ ಸಂಚಿಕೆಗೆ ಉಳಿದಿದೆ. ಅಲ್ಲಿಯತನಕ ಭರಣಿಗೆ ಒದ್ದೆ ಚಮಚ ಹಾಕಬೇಡಿ.